ಗ್ರಹಣ ಬಿಟ್ಟಿತು ಎಂದು ಹೇಳುವ ಕೆಲಸ

ಒಣಗಿದ ದರ್ಭೆಗೆ ನೀರು ಸೋಕಿದರೆ ಒಂದು ವಾಸನೆ ಬರುತ್ತದೆ, ಹಳೆಯ ಚಾಪೆಯನ್ನು ಮಳೆ ನಿಂತ ಮೇಲೆ ಬಿಸಿಲಿಗೆ ಹರಡಿದಂತೆ. ಈಚಿನ ಚಂದ್ರಗ್ರಹಣದಂದು ಅಡಿಲೇಡಿನ ಮಾಡ್ಬರಿಯ ನಮ್ಮ ಅಡುಗೆಮನೆಯಲ್ಲಿ, ಬ್ರಿಸ್ಬೇನಿನ ತಂಗಿ ಕುಂಡದಲ್ಲಿ ಬೆಳೆಸಿ ಕಳಿಸಿದ್ದ ದರ್ಭೆಯನ್ನು ಒದ್ದೆ ಮಾಡಿ ಉಪ್ಪಿನಕಾಯಿ ಜಾಡಿ, ಹಾಲಿನ ಪಾತ್ರೆಗಳ ಮೇಲೆ ಇಡುತ್ತಿದ್ದೆ. ಆ ವಾಸನೆ ಬಂದದ್ದೇ ತಡ, ಮೈಸೂರಿನ ನಮ್ಮ ವಠಾರ ಕಣ್ಣ ಮುಂದೆ ನಿಂತಿತು. ಒಂದೇ ನಲ್ಲಿ, ಒಂದೇ ಮಹಡಿ, ಗೋಡೆಗೆ ಗೋಡೆ ತಾಗಿದ ಮನೆಗಳು. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನು. ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ಈಗ ಇಲ್ಲದಿರಬಹುದು.

ನನ್ನನ್ನು ಸಾಕಿದವರು ದೊಡ್ಡಮ್ಮ. ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ದೀಪದ ಬತ್ತಿಯನ್ನು ಕೂಡ ಬೆರಳಿನಿಂದಲೇ ಹುಡುಕುತ್ತಿದ್ದರು. ಆದರೆ ಗ್ರಹಣ ಬಂದರೆ ಇಡೀ ವಠಾರ ಅವರ ಮಾತಿಗೆ ಕಾಯುತ್ತಿತ್ತು. ‘ಕಣ್ಣಿಗೆ ಕಂಡು ಬಿಡಬೇಕು, ಬರೀ ಗಡಿಯಾರ ನೋಡಿ ಒಲೆ ಹಚ್ಚಬಾರದು’ ಅನ್ನುವುದು ಅವರ ಕಟ್ಟುನಿಟ್ಟು. ಅವರ ಪಾಲಿನ ಕಣ್ಣು ನಾನು. ಮಹಡಿಯ ಮೇಲೆ ಅವರ ಮೊಣಕಾಲಿಗೆ ಒರಗಿ ನಿಂತು, ಬಿಟ್ಟಿತೋ ಇಲ್ಲವೋ ಎಂದು ಹೇಳುವ ಕೆಲಸ ನನ್ನದು.

ಒಂದು ಸಲ ಗ್ರಹಣ ಹಿಡಿದುಕೊಂಡೇ ಚಂದ್ರ ಹುಟ್ಟಿದ. ಚಾಮುಂಡಿಬೆಟ್ಟದ ಪಕ್ಕದಲ್ಲಿ, ನೆಲಕ್ಕೆ ಅಂಟಿಕೊಂಡಂತೆ, ಮಸಿ ಹಿಡಿದ ತಾಮ್ರದ ತಟ್ಟೆಯ ಹಾಗೆ. ಅಷ್ಟು ಕೆಳಗಿದ್ದರೆ ಧೂಳು ಯಾವುದು, ನೆರಳು ಯಾವುದು ಗೊತ್ತಾಗುವುದಿಲ್ಲ. ಕೆಳಗೆ ಮಕ್ಕಳು ಹಸಿವಿಗೆ ರಾಗ ಎಳೆಯುತ್ತಿದ್ದರು, ನನ್ನ ಹೊಟ್ಟೆಯೂ ತಾಳ ಹಾಕುತ್ತಿತ್ತು. ವಠಾರದ ಮಾಲೀಕ ಶಾಮಣ್ಣನವರು ಮೆಟ್ಟಿಲ ಮೇಲಿಂದ, “ರೇಡಿಯೋದವರು ಹೇಳಿದ ಹೊತ್ತು ಆಗೋಯ್ತು ಕಣಮ್ಮ. ಈ ಗುಬ್ಬಚ್ಚಿ ಹೇಳೋ ತನಕ ನಾವೆಲ್ಲ ಉಪವಾಸ ಸಾಯಬೇಕಾ?” ಎಂದರು. ದೊಡ್ಡಮ್ಮ ತಿರುಗಲೂ ಇಲ್ಲ. “ರೇಡಿಯೋಗೆ ಕಣ್ಣಿಲ್ಲ ಶಾಮಣ್ಣ. ನಮ್ಮ ಹುಡುಗಿ ಹೇಳ್ಲಿ.” ಬಿಟ್ಟಿತು ಎಂದುಬಿಟ್ಟಿದ್ದರೆ ಎಲ್ಲರೂ ಖುಷಿಪಡುತ್ತಿದ್ದರು. ಆದರೆ ಅಂಚಿನಲ್ಲಿ ಉಗುರಿನಷ್ಟು ಕಪ್ಪು ಇನ್ನೂ ಇತ್ತು. ಇದೆ ಅಂದೆ. ಶಾಮಣ್ಣನವರು ಗೊಣಗುತ್ತ ಮೆಟ್ಟಿಲ ಮೇಲೇ ಕೂತರು, ಆದರೆ ಕೂತರು. ಕಪ್ಪು ಪೂರಾ ಹೋದ ಮೇಲೆ ಕೂಗಿ ಹೇಳಿದೆ. ನಲ್ಲಿ ಸುರಿಯುವ ಸದ್ದು, ಆಮೇಲೆ ಮನೆಮನೆಯಲ್ಲೂ ಒಲೆ. ಒಂದು ಹುಡುಗಿಯ ಬಾಯಿಮಾತಿಗೆ ಅಷ್ಟು ಜನ ಅನ್ನಕ್ಕಿಟ್ಟರಲ್ಲ, ಆ ಹೆಮ್ಮೆ ಇವತ್ತಿಗೂ ನನ್ನ ಎದೆಯಲ್ಲಿ ಬೆಚ್ಚಗಿದೆ.

ಈ ಸಲ ಅಡಿಲೇಡಿನಲ್ಲಿ ಗ್ರಹಣ ಬಿಡುವುದು ನಸುಕಿಗೆ. ಆಕಾಶದ ತುಂಬ ಮೋಡ. ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಗೆ ಕೆಲಸಕ್ಕೆ ಹೊರಡಬೇಕಿದ್ದ ನಮ್ಮ ಯಜಮಾನರು ಖಾಲಿ ಲೋಟ ಹಿಡಿದು, “ಆ್ಯಪ್ ಹೇಳ್ತಿದೆ ಕಣೇ, ಮುಗೀತಾ ಬಂತು” ಅಂತ ಪೇಚಾಡುತ್ತಿದ್ದರು. ಅಷ್ಟರಲ್ಲಿ ಮಗಳು ಸಿರಿಯ ಫೋನು. ಪರ್ತ್ ಕಡೆಯ ಗಣಿಗಳಲ್ಲಿ ಕಲ್ಲು ಓದುವುದನ್ನು ಕಲಿತ ಹುಡುಗಿ, ಈಗ ನಾರ್ವೆಯ ಉತ್ತರದ ತುದಿಯಲ್ಲಿ ಅದೇ ಕಲ್ಲುಗಳ ಸಂಶೋಧನೆಯಲ್ಲಿದ್ದಾಳೆ. ಅಲ್ಲಿ ಆಗಿನ್ನೂ ರಾತ್ರಿಯೂಟದ ಹೊತ್ತು.

“ಅಮ್ಮಾ, ಅಲ್ಲಿ ಕ್ಲೌಡಿ ಅಲ್ವಾ? ಐ ಕ್ಯಾನ್ ಸೀ ಇಟ್. ನಾನು ಹೇಳ್ತೀನಿ.”

ಹೇಳು ಎಂದು ನಾನು ಕೇಳಿರಲಿಲ್ಲ. ಮಾತಾಡಿದರೆ ಅರ್ಧಕ್ಕರ್ಧ ಇಂಗ್ಲಿಷೇ ಬರುವ ಮಗು. ಆ ಉತ್ತರದಲ್ಲಿ ಚಂದ್ರ ಮೇಲೇರುವುದೇ ಇಲ್ಲವಂತೆ, ಸಮುದ್ರದ ಅಂಚಿನುದ್ದಕ್ಕೂ ತೆವಳುತ್ತಾನಂತೆ. “ಸೋ ಲೋ, ಅಮ್ಮಾ. ಮಂಜಾ, ಶ್ಯಾಡೋನಾ, ಐ ಕಾಂಟ್ ಟೆಲ್ ಯೆಟ್. ಇರು.” ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಳಲ್ಲ, ಅಷ್ಟು ಸಾಕಾಯಿತು ನನಗೆ. ದೇವರು ದೊಡ್ಡವನು.

ಆಗ ಪಡುವಣದ ಮೋಡ ಒಂದಿಷ್ಟು ಹರಿಯಿತು. ಯಜಮಾನರು ಕಿಟಕಿಗೆ ಓಡಿ, “ಕಾಣ್ತಿದೆ ಬಾರೇ, ನೀನೇ ನೋಡ್ಬಿಡು!” ಎಂದು ಕರೆದರು. ನಾನು ಏಳಲಿಲ್ಲ. “ಇರಿ, ಅವಳು ಹೇಳ್ಲಿ.”

ಹಾಗೆಂದ ಮೇಲೆ ನೆನಪಾಯಿತು. ಪೊರೆ ತೆಗೆಸಿದ ಮೇಲೆ ದೊಡ್ಡಮ್ಮ ಸೂಜಿಗೆ ತಾವೇ ದಾರ ಪೋಣಿಸುತ್ತಿದ್ದರು. ಆಮೇಲಿನ ಮೊದಲ ಗ್ರಹಣಕ್ಕೆ, ಇನ್ನು ನನ್ನ ಕೆಲಸ ಮುಗಿಯಿತು ಎಂದು ನಾನು ಕೆಳಗೇ ಕೂತಿದ್ದೆ. ಮಹಡಿಯಿಂದ ಕರೆದರು. ಹೋದರೆ, ಚಂದ್ರನಿಗೆ ಬೆನ್ನು ಹಾಕಿ ಕೂತಿದ್ದಾರೆ. “ಬಿಟ್ಟಿತೇನೇ?” “ನಿಮಗೇ ಕಾಣುತ್ತಲ್ಲ ದೊಡ್ಡಮ್ಮ.” “ಕಾಣುತ್ತೆ. ನೀನು ಹೇಳು.” ಅದು ಯಾಕೆಂದು ಅಂದು ತಿಳಿಯಲಿಲ್ಲ. ಈಗ ಕೇಳೋಣವೆಂದರೆ ದೊಡ್ಡಮ್ಮನಿಲ್ಲ, ಶಾಮಣ್ಣನವರಿಲ್ಲ. ವಠಾರವಿದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ.

“ಬಿಟ್ಟಿತು, ಅಮ್ಮಾ. ಫುಲ್ ಕ್ಲಿಯರ್.”

ಸ್ನಾನಕ್ಕೆ ಏಳುತ್ತ, “ಊಟ ಆಯ್ತಾ ಕಂದ?” ಎಂದೆ.

“ಇಲ್ಲ. ನೀನು ಮೊದ್ಲು” ಅಂದಳು, ಪೂರಾ ಕನ್ನಡದಲ್ಲೇ.