ಹೊಸೂರಿನ ಬೆಲೆ

ಅಂಬತ್ತೂರಿನಲ್ಲಿ ನನ್ನ ಆಫೀಸಿನ ಕೆಳಗೇ ತಮಿಳು ವ್ಯಾಪಾರಿಯೊಬ್ಬರ ಗೋದಾಮು. ಮರದ ಹೊಟ್ಟು ಒತ್ತಿ ಮಾಡಿದ ಪೆಲೆಟ್ಟುಗಳನ್ನು ಹೋಟೆಲುಗಳ ಒಲೆಗೆ ಮಾರುತ್ತಿದ್ದರು. ಇದು ತಯಾರಾಗುವ ದೂರದ ಹೊಸೂರಿನಲ್ಲಿ ಅಗ್ಗವಲ್ಲವೇ ಎಂದು ಯಾರಾದರೂ ಕೇಳಿದರೆ, ಒಂದು ತುಂಡನ್ನು ಅಂಗೈಯಲ್ಲಿ ಉರುಳಿಸುತ್ತಾ, “ಕಾಸು ಮರಕ್ಕಲ್ಲ ಸಾರ್, ದಾರಿಗೆ” ಅನ್ನುತ್ತಿದ್ದರು.

ಆಸ್ಪತ್ರೆಯ ರೋಗಿಗಳಿಗೆ ಪುಕ್ಕಟೆ ಗಂಜಿ ಕಾಯಿಸುತ್ತಿದ್ದ ಅಜ್ಜಿಯೊಬ್ಬರು ಒಮ್ಮೆ ಬಂದು, “ಈ ಬೆಲೆಗೆ ಇನ್ನು ಆಗಲ್ಲಪ್ಪ, ಒಲೆ ಆರಿಸ್ತೀನಿ” ಎಂದರು. ವ್ಯಾಪಾರಿ ಫೋನ್ ತೆಗೆದು, ಹೊಸೂರಿಂದ ಖಾಲಿ ಮರಳುತ್ತಿದ್ದ ಲಾರಿಯೊಂದನ್ನು ಹುಡುಕಿ, ಅಲ್ಲಿನ ಬೆಲೆಗೇ ಅಜ್ಜಿಗೆ ಮೂಟೆ ತರಿಸಿಕೊಟ್ಟರು.

“ನಿಮ್ಮ ವ್ಯಾಪಾರ?” ಎಂದೆ.

“ಪರವಾಯಿಲ್ಲೆ ಸಾರ್. ಗಂಜಿ ನಿಲ್ಲಬಾರ್ದು.”

ಲಾರಿ ಬಂದ ದಿನ ಮೂಟೆಗಳನ್ನು ತಾವೇ ಇಳಿಸಿದರು. ಅಜ್ಜಿ ಸೆರಗಿನಿಂದ ಅವರ ರೆಪ್ಪೆಯ ದೂಳು ಒರೆಸುವಾಗ, ಮಗುವಿನಂತೆ ಕಣ್ಣು ಮುಚ್ಚಿ ನಿಂತಿದ್ದರು.