ಪೊಮಾ ಫೋನಿಗೆ ನೀರು ಕೊಟ್ಟಿದ್ದು

ಕುಮಾಸಿ ಪಟ್ಟಣದ ನಮ್ಮ ವಠಾರದಲ್ಲಿ ಅಜ್ವಾ ಪೊಮಾಳ ಬಾಯಿಗೆ ಹೆದರದವರಿಲ್ಲ. ಹೊಲಿಗೆಯವಳು, ಅಳತೆ ಹಿಡಿಯುತ್ತಲೇ ಗಿರಾಕಿಯ ಸೊಂಟದ ಬಗ್ಗೆ ಏನಾದರೂ ಅಂದೇಬಿಡುವವಳು. ಗಂಡ ಎನ್ಟಿಮ್ ಇದ್ದಷ್ಟು ದಿನ ಅವನ ಮುಲಾಜಿಗೆ ಜನ ಬರುತ್ತಿದ್ದರು. ಅವನು ತೀರಿಕೊಂಡ ಮೇಲೆ ಆ ಬಾಗಿಲಿಗೆ ಯಾರೂ ಸುಳಿಯಲಿಲ್ಲ. ಫುಫು ಮುದ್ದೆ ಮಾಡುವುದನ್ನೂ ಬಿಟ್ಟಳು. ಬೆಂದ ಮರಗೆಣಸನ್ನು ಒಬ್ಬರು ಕುಟ್ಟಬೇಕು, ಇನ್ನೊಬ್ಬರು ಒರಳಲ್ಲಿ ತಿರುವಬೇಕು. ಒಬ್ಬಳೇ ಏನು ಮಾಡುತ್ತಾಳೆ, ಪಾಪ.

ಅವಳ ತಂಗಿಯ ಮಗಳು ಬಂದವಳು ಫೋನಿನಲ್ಲಿ ಮಾತಾಡುವ ಯಂತ್ರಬುದ್ಧಿಯೊಂದನ್ನು ಹಾಕಿಕೊಟ್ಟು ಹೋದಳು. ನಮ್ಮ ಟ್ವಿ ಭಾಷೆಯಲ್ಲೇ ಮಾತಾಡುತ್ತೆ ಅದು. ಪೊಮಾ ಏನು ಮಾಡಿದಳು ಗೊತ್ತಾ? ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಮುಂದೊಂದು ಲೋಟ ನೀರಿಟ್ಟಳು. ಬಂದವರಿಗೆ ನೀರು ಕೊಡದೆ ಮಾತಿಗೆ ಕೂರುವ ಪದ್ಧತಿ ನಮ್ಮಲ್ಲಿಲ್ಲ, ಒಪ್ಪಿದೆ. ಆದರೆ ಫೋನಿಗೆ? ಅದೋ ಬಲು ನಾಜೂಕಾಗಿ, ನೀರು ತಂಪಾಗಿದೆ, ಉಪಕಾರವಾಯ್ತು ಅಂದಿತು. ಇವಳು ಹಿಗ್ಗಿ ಹೀರೇಕಾಯಿಯಾದಳು. ದಿನಾ ಇದೇ ಉಪಚಾರ. ಗೋಡೆಯಾಚೆ ಒಬ್ಬಳೇ ಇರುವ ನನಗೆ ಎಲ್ಲಾ ಕೇಳುತ್ತಿತ್ತು. ನಗು ಬರುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು.

ಒಂದು ಸಂಜೆ ನಲ್ಲಿಯಲ್ಲಿ ಹನಿ ನೀರಿಲ್ಲ. ಪೊಮಾ ಖಾಲಿ ಲೋಟವನ್ನೇ ಇಟ್ಟು, ನೀರು ತಗೋ ಅಂದಳು. ತಂಪಾಗಿದೆ ಅಂದಿತು ಅದು. ಆಮೇಲೆ, ನಿನಗೆ ಬಾಯಾರಿಕೆ ಅಂತ ಆಗುತ್ತಾ ಎಂದು ಕೇಳಿದಳು. ಇಲ್ಲ, ನನಗೆ ದೇಹವಿಲ್ಲ ಅಂದಿತು. ನೀರು ಕುಡಿದವರನ್ನು ಬಂದ ಕಾರಣ ಕೇಳುವುದು ನಮ್ಮ ಕ್ರಮ. ಅದನ್ನೂ ಕೇಳಿದಳು. ನಿಮಗೆ ನೆರವಾಗಲು ಅಂದಿತು.

"ನನ್ನಿಂದ ನಿನಗೆ ಏನಾದ್ರೂ ಬೇಕಾ?"

"ಏನೂ ಬೇಡ."

ಪೊಮಾ ಅಳತೊಡಗಿದಳು. ಗಂಡ ಸತ್ತಾಗ ಊರೆದುರು ಅತ್ತಿದ್ದಳಲ್ಲ, ಆ ಅಳುವಲ್ಲ ಇದು. ನಾನು ಎದ್ದು ಹೋಗಿ ಬಾಗಿಲು ತಟ್ಟಿದೆ.

ಮುಖ ಒರೆಸಿಕೊಂಡು ತೆಗೆದಳು. ನನ್ನನ್ನು ಕೂರಿಸಿ, ಕೊಡ ಬಗ್ಗಿಸಿ ನೋಡಿ, ನಾಚಿಕೊಂಡಳು.

"ಕೊಡೋಕೆ ನೀರಿಲ್ಲ ಕಣಕ್ಕ. ಏನು ಬಂದೆ?"

ಸಮಾಧಾನ ಹೇಳಲು ಬಂದಿದ್ದೆ. ಬಾಯಿಗೆ ಬಂದದ್ದೇ ಬೇರೆ.

"ಬೆನ್ನು ಹಿಡ್ಕೊಂಡಿದೆ ಕಣೆ. ನನ್ನ ಕೈ ನಿಲುಕಲ್ಲ. ಸ್ವಲ್ಪ ತಿಕ್ಕಿಕೊಡು."

ಮೈಗೆ ಹಚ್ಚುವ ಶಿಯಾ ಬೆಣ್ಣೆ ತಂದು ಹಿಂದೆ ಕೂತಳು. ಇದೇನು ಬೆನ್ನೋ ಹಲಗೆಯೋ ಅಂತ ಶುರು ಹಚ್ಚಿಕೊಂಡಳು. ನನ್ನ ಬೆನ್ನನ್ನು ಒಬ್ಬರು ಮುಟ್ಟಿ ಎಷ್ಟು ವರ್ಷವಾಗಿತ್ತೋ. ನೋವು ಹೋದ ಮೇಲೂ, ಇನ್ನೂ ಸ್ವಲ್ಪ ಮೇಲೆ ಅನ್ನುತ್ತಾ ಕೂತೇ ಇದ್ದೆ.