ರೆಗ್ಯುಲೇಟರಿಗೆ ಹಚ್ಚಿದ ಗಂಧ

ತ್ರಿಪ್ಲಿಕೇನಿನ ಗುಂಡಣ್ಣನ ಹೋಟೆಲಿನಲ್ಲಿ ಮಧ್ವರಾಜ ಭಟ್ಟರು ದೋಸೆ ಕಾವಲಿಯ ಮುಂದೆ ಇಪ್ಪತ್ತಾರು ವರ್ಷ ನಿಂತರು. ಹೊರಗೆ ಚೆನ್ನೈಯ ಬಿಸಿಲು, ಒಳಗೆ ಬೆಂಕಿ, ನಡುವೆ ಭಟ್ಟರು. ಎರಡು ಸಲ ತಲೆಸುತ್ತಿ ಬಿದ್ದ ಮೇಲೆ ಡಾಕ್ಟರು, ಇನ್ನು ಬೆಂಕಿಯ ಹತ್ತಿರ ನಿಲ್ಲಬೇಡಿ ಎಂದರು. ಹೇಳುವುದಕ್ಕೇನು, ದೋಸೆ ಹುಯ್ಯುವವರು ಡಾಕ್ಟರೇ?

ಭಟ್ಟರಿಗೆ ಇನ್ನೊಂದು ವಿದ್ಯೆ ಇತ್ತು. ಗ್ರೈಂಡರ್, ಮಿಕ್ಸಿ, ಫ್ಯಾನು ಏನು ಕೆಟ್ಟರೂ ಬಿಚ್ಚಿ ಸರಿಮಾಡುತ್ತಿದ್ದವರು ಅವರೇ. ಹೋಟೆಲಿನ ಎಮರ್ಜೆನ್ಸಿ ದೀಪಗಳ ಚಾರ್ಜರುಗಳು ಒಂದೊಂದಾಗಿ ಕೈಕೊಟ್ಟಾಗ ಗುಂಡಣ್ಣ ಹೇಳಿದ:

"ಭಟ್ರೇ, ಒಂದು ನೀವೇ ಮಾಡಿ ನೋಡುವ. ಸರಿಯಾದ್ರೆ ಆಯುಧಪೂಜೆ ಕಳೆದ ಮೇಲೆ ಕಾವಲಿ ಬೇರೆಯವರಿಗೆ. ಮಷೀನಿನ ಕೆಲಸ ಪೂರಾ ನಿಮ್ಮದು."

ಭಟ್ಟರು ಎಲೆಕ್ಟ್ರಾನಿಕ್ಸ್ ಅಂಗಡಿಗಳ ರಿಚಿ ಸ್ಟ್ರೀಟಿನಿಂದ ಸಾಮಾನು ತಂದು ದೀಪದ ಲಿಥಿಯಂ ಬ್ಯಾಟರಿಗೆ ಚಾರ್ಜರ್ ಕಟ್ಟಿದರು. ವೋಲ್ಟೇಜನ್ನು ಬ್ಯಾಟರಿಗೆ ಹಿಡಿಸುವಷ್ಟಕ್ಕೆ ಇಳಿಸಲು ಅದರಲ್ಲಿ ಉಗುರಿನಷ್ಟು ದೊಡ್ಡ ರೆಗ್ಯುಲೇಟರ್. ಇಳಿಸಿದ್ದೆಲ್ಲ ಅದರ ಮೈಯಲ್ಲೇ ಬಿಸಿಯಾಗಿ ಕೂರುತ್ತದೆ. ಮೊದಲ ದಿನ ಮುಟ್ಟಿದಾಗ ಬೆರಳು ಚುರ್ ಎಂದಿತು. ಭಟ್ಟರು ಅದರ ಬೆನ್ನಿಗೆ ಬಿಳಿ ಪೇಸ್ಟ್ ಸವರಿ, ಸಾಲುಸಾಲು ರೆಕ್ಕೆಗಳಿದ್ದ ಅಲ್ಯೂಮಿನಿಯಂ ತುಂಡಿಗೆ ಸ್ಕ್ರೂ ಹಾಕಿ ಕೂರಿಸಿದರು. ಬಿಸಿ ಗಾಳಿಗೆ ಹೋಗಲೆಂದು ರೆಕ್ಕೆಗಳು ಡಬ್ಬಿಯಿಂದ ಹೊರಗೆ ಬರುವಂತೆ ಮುಚ್ಚಳ ಕೊರೆದರು, ಪಕ್ಕದಲ್ಲಿ ಪುಟ್ಟ ಫ್ಯಾನು ಇಟ್ಟರು. ಅವರಿಗೆ ಮಾತ್ರ ಇಪ್ಪತ್ತಾರು ವರ್ಷದಲ್ಲಿ ಯಾರೂ ಒಂದು ಫ್ಯಾನು ಇಟ್ಟಿರಲಿಲ್ಲ. ಎರಡು ತಿಂಗಳು ಚಾರ್ಜರ್ ಬೆಚ್ಚಗಾಯಿತೇ ಹೊರತು ಸುಡಲಿಲ್ಲ.

ಆಯುಧಪೂಜೆಯ ದಿನ ಯಂತ್ರಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟರು. ಗುಂಡಣ್ಣನ ಹೆಂಡತಿ ಜಲಜಾಕ್ಷಿ ಚಾರ್ಜರನ್ನೂ ಲಕ್ಷ್ಮಿಯ ಪಟದ ಎದುರಿಗೇ ತಂದಿಟ್ಟು, ಒಂದು ಎಮರ್ಜೆನ್ಸಿ ದೀಪ ಸಿಕ್ಕಿಸಿ, ನಾಲ್ಕು ಜನ ನೋಡಲೆಂದು ಪ್ಲಗ್ ಹಾಕಿಸಿದಳು.

"ಭಟ್ರೇ, ನಿಮ್ಮ ಮಷೀನಿಗೆ ನೀವೇ ಹೂ ಹಾಕಿ" ಎಂದಳು.

ನಿಮ್ಮ ಮಷೀನು! ಭಟ್ಟರಿಗೆ ನೆಲವೇ ಕಾಣಲಿಲ್ಲ. ರೆಕ್ಕೆಗಳ ಸಂದಿಸಂದಿಗೂ ಗಂಧ ಮೆತ್ತಿದರು. ಮೇಲೆ ಸೇವಂತಿಗೆ ಮಾಲೆ ಎರಡು ಸುತ್ತು ಹಾಕಿದರು. ಎಸಳು ಸಿಕ್ಕಿ ಫ್ಯಾನು ನಿಂತದ್ದು ಅವರ ಕಣ್ಣಿಗೆ ಬಿತ್ತು. ಆದರೆ ದೇವರ ಮುಂದೆ ಏರಿಸಿದ ಹೂವನ್ನು ಮಂಗಳಾರತಿಗೆ ಮೊದಲು ಕೀಳುವುದುಂಟೇ? ಹತ್ತು ನಿಮಿಷದ ಮಾತು ಎಂದುಕೊಂಡರು. ಪುರೋಹಿತರು ಬಂದದ್ದು ಒಂದೂವರೆ ಗಂಟೆ ತಡವಾಗಿ.

"ಅಪ್ಪಾ, ಪೊಗೆ ವರುದು!" ಎಂದು ಗುಂಡಣ್ಣನ ಮಗಳು ವೀಕ್ಷಾ ತಮಿಳಿನಲ್ಲಿ ಕಿರುಚಿದಳು. ರೆಗ್ಯುಲೇಟರ್ ಸುಟ್ಟುಹೋಗಿ, ಕರೆಂಟು ಹಿಡಿತವಿಲ್ಲದೆ ನುಗ್ಗಿ, ದೀಪದೊಳಗಿನ ಬ್ಯಾಟರಿ ಪೂರಿಯ ಹಾಗೆ ಉಬ್ಬಿ ಹೊಗೆ ಕಾರುತ್ತಿತ್ತು. ಭಟ್ಟರು ಪ್ಲಗ್ ಕಿತ್ತು ದೀಪವನ್ನು ಹಿಂದಿನ ಓಣಿಗೆ ಎಸೆದರು. ಅಷ್ಟರಲ್ಲಿ ಲಕ್ಷ್ಮಿಯ ಪಟದ ಗಾಜಿಗೆ ಮಸಿ ಹಿಡಿದಿತ್ತು.

"ಪೂಜೆ ದಿನವೇ ಅಪಶಕುನ ಆಯ್ತಲ್ಲ! ಎಂತ ಭಟ್ರೇ ಇದು?" ಎಂದ ಗುಂಡಣ್ಣ.

ಹೂವಿನಿಂದ, ಗಂಧದಿಂದ ಎನ್ನಬೇಕಿತ್ತು. ಹಾಗೆಂದರೆ ಮಾತು ಹೋಗಿ ಜಲಜಾಕ್ಷಿಯ ಮೇಲೆ, ಅಲ್ಲಿಂದ ದೇವರ ಮೇಲೆ ಬೀಳುತ್ತದೆ. ಹಚ್ಚಿದ ಕೈಯಾದರೂ ತಮ್ಮದೇ.

"ನಾನು ಮಾಡಿದ್ದೇ ಸರಿ ಇರ್ಲಿಲ್ಲ, ಧಣಿ" ಎಂದರು ಭಟ್ಟರು.

ಎರಡು ತಿಂಗಳು ತಪ್ಪಿಲ್ಲದೆ ದುಡಿದ ಯಂತ್ರದ ಮೇಲೆ ಅದನ್ನು ಕಟ್ಟಿದವರೇ ಸುಳ್ಳು ಅಪವಾದ ಹೊರಿಸಿದರು. ಇಂಥ ಮರ್ಯಾದೆಗಿಷ್ಟು ಬೆಂಕಿ ಹಾಕ!

ಮರುವಾರ ಗುಂಡಣ್ಣ ಅಂಗಡಿಯಿಂದ ಹೊಸ ಚಾರ್ಜರ್ ತಂದ. ಡಬ್ಬಿಯಲ್ಲಿದ್ದ ಚೀಟಿ ಹಿಡಿದು ಅಡುಗೆಮನೆಗೆ ಬಂದ. ಭಟ್ಟರು ಕಾವಲಿಯ ಮುಂದಿದ್ದರು.

"ನೋಡಿದ್ರಾ ಭಟ್ರೇ, ಇದ್ರ ಮೇಲೆ ಎಂತದೂ ಮುಚ್ಚಬಾರದಂತೆ, ಗಾಳಿ ಬೇಕಂತೆ. ಕಂಪನಿಯವರು ಬರ್ದಿದ್ದಾರೆ. ಇದೆಲ್ಲ ಕಲಿತವರು ಮಾಡುವ ಕೆಲಸ."

"ಹೌದು ಧಣಿ" ಎಂದು ಭಟ್ಟರು ಕಾವಲಿಗೆ ನೀರು ಚಿಮುಕಿಸಿ ಇನ್ನೊಂದು ದೋಸೆ ಹುಯ್ದರು.